ಬೈಬಲಿನ "ನೀವು" ಯಾರು? ಸಭೆಯ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಲಿಂಗರಾಜಪುರದ ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಪ್ರಾರ್ಥನಾ ಕೂಟ ನಡೆಯುತ್ತದೆ. ಹನ್ನೊಂದು ಮನೆಯವರು ಬರುತ್ತಾರೆ, ಮಳೆ ಬಂದರೆ ಐದು. ಕೂಟದಲ್ಲಿ "ಏನಾದರೂ ಪ್ರಶ್ನೆ ಇದೆಯಾ?" ಅಂದರೆ ಎಲ್ಲರೂ ತಲೆ ತಗ್ಗಿಸಿ ಬೈಬಲ್ ನೋಡುತ್ತಾರೆ. ಮುಗಿದ ಮೇಲೆ ಬಾಗಿಲ ಹತ್ತಿರ ಚಪ್ಪಲಿ ಹುಡುಕುವಾಗ ಶುರುವಾಗುತ್ತದೆ ನೋಡಿ, ಅರ್ಧ ಗಂಟೆ ಅಲ್ಲೇ. ಕೆಳಗಿನ ಅರ್ಧ ಪ್ರಶ್ನೆಗಳು ಆ ಬಾಗಿಲಲ್ಲಿ ಬಂದವು. ಉಳಿದವು ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪ್‌ನಲ್ಲಿ. ಒಂದೆರಡು ಕಾಗದದಲ್ಲೂ ಬಂದಿವೆ, ಹಾಸನದ ಒಬ್ಬ ಅಜ್ಜ ಇನ್ನೂ ಅಂಚೆಯಲ್ಲೇ ಬರೆಯುತ್ತಾರೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ, ಲೆಕ್ಕಪತ್ರ ನೋಡುವ ಕೆಲಸದವಳು. ನಿಮ್ಮ ಅಯ್ಯನವರು ಬೇರೆ ಥರ ಹೇಳಿದರೆ ಅವರ ಜೊತೆಯೂ ಕೂತು ಮಾತಾಡಿ.

ಮೊದಮೊದಲು ಕೇಳುವವು

ಮನೇಲೇ ಬೈಬಲ್ ಓದ್ತೀನಿ, ಪ್ರಾರ್ಥನೆ ಮಾಡ್ತೀನಿ. ಚರ್ಚಿಗೆ ಹೋಗಲೇಬೇಕಾ?

ಮನೆಯಲ್ಲಿ ಓದುವುದನ್ನು ಬಿಡಬೇಡಿ. ಆದರೆ ಓದುವಾಗ ಒಂದು ಚಿಕ್ಕ ವಿಷಯ ನೋಡಿ. ಕನ್ನಡದಲ್ಲಿ "ನೀವು" ಅನ್ನುವುದಕ್ಕೆ ಎರಡು ಬಳಕೆ. ಹಿರಿಯರಿಗೆ ಮರ್ಯಾದೆ ಕೊಟ್ಟು ಅನ್ನುವ "ನೀವು" ಒಂದು, ಹತ್ತು ಜನರನ್ನು ಸೇರಿಸಿ ಅನ್ನುವ "ನೀವು" ಇನ್ನೊಂದು. ನಮ್ಮ ಅಜ್ಜಿಯರ ಕಾಲದ ಹಳೆಯ ಅನುವಾದದಲ್ಲಿ ಮರ್ಯಾದೆಯ "ನೀವು" ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅರಸನಿಗೂ "ನೀನು", ದೇವರಿಗೂ "ನೀನು". ಹಾಗಾಗಿ ಅಲ್ಲಿ "ನೀವು" ಅಂತ ಕಂಡರೆ ಅದು ಒಬ್ಬರಿಗೆ ಹೇಳಿದ್ದಲ್ಲ. ನಾವು ಮಾತ್ರ ಅದನ್ನು ಕನ್ನಡಿ ಮುಂದೆ ನಿಂತ ಹಾಗೆ ಓದುತ್ತೇವೆ, ನನಗೊಬ್ಬಳಿಗೇ ಬರೆದದ್ದು ಅಂತ. ಯೇಸುವಿನ ಅಪೊಸ್ತಲ ಪೌಲ ಪತ್ರ ಬರೆದು ಕೊರಿಂಥ ಊರಿನವರಿಗೆ "ನೀವು ದೇವರ ಆಲಯ" ಅಂದದ್ದು (ಮೊದಲ ಪತ್ರ 3:16) ಜಗಳವಾಡಿ ಪಂಗಡ ಪಂಗಡವಾಗಿ ಹೋಗಿದ್ದ ಒಂದು ಸಭೆಗೆ, ಅಂದರೆ ಒಂದು ಚರ್ಚಿನ ಜನಕ್ಕೆ.

ಕರ್ತನ ಪ್ರಾರ್ಥನೆಯೂ ಅಷ್ಟೇ. ನಮ್ಮ ತಂದೆ, ನಮ್ಮ ಆಹಾರ, ನಮ್ಮ ತಪ್ಪು. "ನನ್ನ" ಅನ್ನುವ ಪದ ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ. ಒಬ್ಬರ ಭಾರ ಒಬ್ಬರು ಹೊರಿ, ಒಬ್ಬರನ್ನೊಬ್ಬರು ಕ್ಷಮಿಸಿ, ಒಬ್ಬರ ಕಾಲು ಒಬ್ಬರು ತೊಳೆಯಿರಿ ಅಂತೆಲ್ಲ ಇದೆಯಲ್ಲ, ಇದನ್ನು ಒಬ್ಬರೇ ಕೂತು ಹೇಗೆ ಮಾಡುವುದು ಅಂತ ನನಗಂತೂ ಇನ್ನೂ ಹೊಳೆದಿಲ್ಲ.

ಯೂಟ್ಯೂಬಲ್ಲಿ ಸರ್ವಿಸ್ ನೋಡಿದ್ರೆ ಸಾಲಲ್ವಾ? ಟ್ರಾಫಿಕ್ ಬೇರೆ.

2020ರ ಲಾಕ್‌ಡೌನ್‌ನಲ್ಲಿ ನಾವೂ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಆರಾಧನೆ ನೋಡಿದವರೇ. ಹಾಸಿಗೆ ಹಿಡಿದವರಿಗೆ, ಭಾನುವಾರವೂ ಡ್ಯೂಟಿ ಇರುವ ನರ್ಸುಗಳಿಗೆ ಇವತ್ತಿಗೂ ಅದೇ ಆಸರೆ. ನಿಮಗೆ ಮೈ ಕೈ ಗಟ್ಟಿಯಾಗಿದ್ದು ಸಿಲ್ಕ್ ಬೋರ್ಡ್ ದಾಟುವುದಕ್ಕೆ ಬೇಜಾರು ಅನ್ನುವುದೊಂದೇ ಕಾರಣವಾದರೆ, ಸಿಲ್ಕ್ ಬೋರ್ಡಿನ ಈಚೆಗೇ ಒಂದು ಸಭೆ ಹುಡುಕಿಕೊಳ್ಳಿ. ಯೂಟ್ಯೂಬಿನ ಬೋಧಕರು ನಿಮಗೆ ಗೊತ್ತು, ಅವರಿಗೆ ನೀವು ಗೊತ್ತಿಲ್ಲ. ಮೂರು ವಾರ ನೀವು ಕಾಣದಿದ್ದರೆ "ಏನಮ್ಮ, ಹುಷಾರಿದ್ದೀಯಾ?" ಅಂತ ಅವರು ಫೋನ್ ಮಾಡುವುದಿಲ್ಲ.

ಅನ್ಯೋನ್ಯತೆ, ಅನ್ಯೋನ್ಯತೆ ಅಂತಾನೇ ಇರ್ತೀರಿ. ಹಾಗಂದ್ರೆ ಕೊನೇಲಿ ಕೊಡೋ ಬಿರಿಯಾನಿನಾ?

ಬಿರಿಯಾನಿಯೂ ಸೇರಿದೆ, ಇಲ್ಲ ಅನ್ನಲ್ಲ. ಅಪೊಸ್ತಲರ ಕೃತ್ಯಗಳು 2:42ರಲ್ಲಿ ಮೊದಲ ಕ್ರೈಸ್ತರು ನಾಲ್ಕು ವಿಷಯ ಬಿಡದೆ ಮಾಡುತ್ತಿದ್ದರು ಅಂತ ಬರುತ್ತದೆ: ಬೋಧನೆ ಕೇಳುವುದು, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಗ್ರೀಕಿನಲ್ಲಿ ಆ ಎರಡನೆಯದು "ಕೊಯಿನೋನಿಯ", ಅಂದರೆ ಒಂದರಲ್ಲಿ ಎಲ್ಲರಿಗೂ ಪಾಲಿರುವುದು. ಕನ್ನಡಕ್ಕೆ ತಂದವರು ಆರಿಸಿದ ಪದ ನನಗೆ ಬಹಳ ಇಷ್ಟ. ಗಂಡ ಹೆಂಡತಿ ಚೆನ್ನಾಗಿದ್ದರೆ "ಅನ್ಯೋನ್ಯವಾಗಿದ್ದಾರೆ" ಅನ್ನುತ್ತೇವಲ್ಲ, ಅದೇ ಪದ.

ನಮ್ಮ ಅಪ್ಪ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದರು. ನಾನು, ಅಮ್ಮ ಇಬ್ಬರೇ. ಮೂರನೇ ದಿನದಿಂದ ಊಟದ ಕ್ಯಾರಿಯರ್ ತಾನಾಗಿ ಬರತೊಡಗಿತು. ಯಾರು ಯಾವ ದಿನ ಅಂತ ಅವರವರೇ ಚೀಟಿ ಮಾಡಿಕೊಂಡಿದ್ದರಂತೆ, ನಮ್ಮನ್ನು ಕೇಳಲೂ ಇಲ್ಲ. ಹಾಡಿನ ರಾಗ ತಪ್ಪು ಅಂತ ನನ್ನ ಜೊತೆ ಒಂದು ವರ್ಷ ಜಗಳ ಆಡಿದ್ದ ಆಂಟಿ ಐಸಿಯು ಹೊರಗೆ ಎರಡು ರಾತ್ರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅಪ್ಪ ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನೋಡಿದರೆ ಎಲ್ಲಾ ಬೇರೆಯವರ ಪಾತ್ರೆ. ಮುಚ್ಚಳ ಒಬ್ಬರದು, ಡಬ್ಬಿ ಇನ್ನೊಬ್ಬರದು. ಹೆಸರು ಕೊರೆಸಿದ್ದನ್ನು ಓದಿ ಓದಿ ವಾಪಸ್ ಕೊಟ್ಟೆ. "ಎಸ್.ಎಂ." ಅಂತ ಕೊರೆಸಿದ ಒಂದು ಸ್ಟೀಲ್ ಡಬ್ಬಿ ಮಾತ್ರ ಯಾರದು ಅಂತ ಇವತ್ತಿಗೂ ಗೊತ್ತಾಗಿಲ್ಲ, ಕೇಳಿದರೆ ಎಲ್ಲರೂ "ನಂದಲ್ಲ" ಅನ್ನುತ್ತಾರೆ. ಅದರಲ್ಲಿ ಈಗ ನಾನು ಸಾಸಿವೆ ಇಟ್ಟಿದ್ದೇನೆ. ಅನ್ಯೋನ್ಯತೆ ಅಂದರೇನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಡಬ್ಬಿ.

ನಾನು ಕ್ರೈಸ್ತಳಲ್ಲ. ಸುಮ್ನೆ ಬಂದು ಕೂರಬಹುದಾ?

ಬನ್ನಿ. ಯಾರೂ ಹೆಸರು ಬರೆಸಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಇದೇನು ಹೊಸದಲ್ಲ, ಗುರುವಾರ ವಿವೇಕನಗರದ ಬಾಲ ಯೇಸು ದೇವಾಲಯಕ್ಕೆ, ಸೆಪ್ಟೆಂಬರ್ 8ರಂದು ಶಿವಾಜಿನಗರದ ಸೇಂಟ್ ಮೇರಿ ಬಸಿಲಿಕಾಕ್ಕೆ ಬರುವವರಲ್ಲಿ ಎಲ್ಲಾ ಧರ್ಮದವರೂ ಇರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ, ಎಲ್ಲರೂ ಎದ್ದಾಗ ಏಳಿ, ಸಾಕು. ರೊಟ್ಟಿ, ದ್ರಾಕ್ಷಾರಸ ಕೊಡುವ ಹೊತ್ತಿನಲ್ಲಿ ಮಾತ್ರ ಕೂತಲ್ಲೇ ಇರಿ. ಅದು ದೀಕ್ಷಾಸ್ನಾನ ಆದವರಿಗೆ ಇರುವ ಸಂಸ್ಕಾರ, ಕ್ಯಾಥೊಲಿಕರಲ್ಲಂತೂ ಅದಕ್ಕೆ ಇನ್ನೂ ನಿಯಮಗಳಿವೆ. ಕಾಣಿಕೆ ಚೀಲ ಬಂದರೆ ಹಾಕಲೇಬೇಕೆಂದೇನಿಲ್ಲ, ಪಕ್ಕದವರಿಗೆ ದಾಟಿಸಿಬಿಡಿ.

ಸಿಎಸ್ಐ, ಕ್ಯಾಥೊಲಿಕ್, ಮೆಥೊಡಿಸ್ಟ್, ಪೆಂಟೆಕೋಸ್ಟ್... ಯಾವ್ದಕ್ಕೆ ಹೋಗ್ಲಿ? ತಲೆ ಕೆಟ್ಟೋಗಿದೆ.

ಒಬ್ಬನೇ ಕ್ರಿಸ್ತ, ಇಷ್ಟೊಂದು ಬೋರ್ಡು ಯಾಕೆ ಅಂತ ಕೇಳುವವರಿಗೆ ನನ್ನ ಹತ್ತಿರ ಸಮಾಧಾನ ಹೇಳುವಂಥ ಉತ್ತರ ಇಲ್ಲ. ಒಂದು ಸಂಗತಿ ಮಾತ್ರ ಹೇಳಬಲ್ಲೆ. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಇನ್ನೂ ಒಂದೂವರೆ ತಿಂಗಳಾಗಿರಲಿಲ್ಲ, ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ ಆಯಿತು. ಅದೇ ಸಿಎಸ್ಐ. ದೇಶ ಎರಡಾಗಿ ರಕ್ತ ಹರಿಯುತ್ತಿದ್ದ ಆ ತಿಂಗಳಲ್ಲೇ ಇವರು ಒಂದಾದರು. ಎಲ್ಲರೂ ಸೇರಲಿಲ್ಲ ಅನ್ನುವುದೂ ನಿಜ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ನಡೆದು ಹೋಗುವಷ್ಟು ದೂರದಲ್ಲಿ ಇರುವುದಕ್ಕೆ ಮೊದಲು ಹೋಗಿ. ನಾಲ್ಕು ಭಾನುವಾರ ಕೂತು ನೋಡಿ. ಯೇಸುವಿನ ಬಗ್ಗೆ ಜಾಸ್ತಿ ಮಾತಾಡುತ್ತಾರೋ ತಮ್ಮ ಬಗ್ಗೆಯೋ? ಬಡವರು ಎಲ್ಲಿ ಕೂತಿದ್ದಾರೆ? "ನಮ್ಮಲ್ಲಿ ಬಿಟ್ಟರೆ ಬೇರೆಲ್ಲೂ ರಕ್ಷಣೆ ಇಲ್ಲ" ಅಂದರೆ ಐದನೇ ಭಾನುವಾರ ಬೇರೆ ಕಡೆ ಹೋಗಿ.

ಕನ್ನಡ ಸರ್ವಿಸಿಗೆ ಬರೀ ವಯಸ್ಸಾದವರೇ ಇರ್ತಾರೆ. ಮಕ್ಕಳನ್ನ ಇಂಗ್ಲಿಷಿಗೆ ಕರ್ಕೊಂಡು ಹೋದ್ರೆ ತಪ್ಪಾ?

ತಪ್ಪಲ್ಲ. ಆದರೆ ಏನು ಬಿಟ್ಟು ಹೋಗುತ್ತಿದ್ದೇವೆ ಅಂತ ಗೊತ್ತಿರಲಿ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ಕೂತರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರು ಸಮಾಚಾರ" ತಂದ ಮೊಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್, ಇಬ್ಬರೂ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಮಿಷನರಿಗಳು. ಕಾರ್ಪೊರೇಷನ್ ಹತ್ತಿರ 1904ರಲ್ಲಿ ಕಟ್ಟಿದ ಹಡ್ಸನ್ ಚರ್ಚಿನಲ್ಲಿ ಇವತ್ತಿಗೂ ಕನ್ನಡ ಆರಾಧನೆ ನಡೆಯುತ್ತದೆ. ಅಷ್ಟೆಲ್ಲ ಆಗಿ, ನಮ್ಮ ಮಕ್ಕಳಿಗೆ "ಸ್ತೋತ್ರ" ಅನ್ನುವ ಪದ ಬಾಯಲ್ಲಿ ತಿರುಗುವುದಿಲ್ಲ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮ ಬಂದಾಗ ಜನ ತಮ್ಮ ತಮ್ಮ ಭಾಷೆಯಲ್ಲಿ ಕೇಳಿದರು, ಎಲ್ಲರಿಗೂ ಒಂದೇ ಭಾಷೆ ಬಂತು ಅಂತ ಎಲ್ಲೂ ಬರೆದಿಲ್ಲ. ಈ ಊರಿನಲ್ಲಿ ಒಂದೇ ಚರ್ಚಿನಲ್ಲಿ ತಮಿಳು, ಕನ್ನಡ, ಇಂಗ್ಲಿಷಿನವರ ನಡುವೆ ಹೊತ್ತಿಗಾಗಿ ಗಲಾಟೆ ಆಗುವುದೂ ಉಂಟು. ನಮ್ಮ ಕೂಟದಲ್ಲಿ ಮಾಡಿರುವುದು ಇಷ್ಟು: ಮಕ್ಕಳು ಓದುವುದು ಅವರಿಗೆ ಬರುವ ಭಾಷೆಯಲ್ಲಿ, ಹಾಡುವುದು ಕನ್ನಡದಲ್ಲಿ. ಹಾಡು ನಾಲಿಗೆಗೆ ಬೇಗ ಹತ್ತುತ್ತದೆ.

ಒಳಗೆ ಬಂದ ಮೇಲೆ ಕೇಳುವವು

ಚರ್ಚಲ್ಲೂ ಜಗಳ, ಎಲೆಕ್ಷನ್ನು, ಕೋರ್ಟು ಕೇಸು. ಬೇಜಾರಾಗಿ ಬಿಟ್ಟುಬಿಟ್ಟಿದ್ದೀನಿ. ತಪ್ಪಾ?

ನಾನೂ ಎರಡು ವರ್ಷ ಬಿಟ್ಟಿದ್ದೆ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಜನ ತಂದುಕೊಟ್ಟದ್ದನ್ನು ಹರಾಜು ಹಾಕುತ್ತಾರೆ, ಅದರ ಲೆಕ್ಕ ನಾನು ಬರೆದಿದ್ದೆ, ದುಡ್ಡು ಕಡಿಮೆ ಬಂತು ಅಂತ ಕಮಿಟಿಯಲ್ಲೊಬ್ಬರು ಎಲ್ಲರ ಮುಂದೆ ನನ್ನ ಕಡೆ ಕೈ ತೋರಿಸಿದರು. ಒಂದು ಕುಂಬಳಕಾಯಿ ಎರಡು ಸಲ ಹರಾಜಾಗಿತ್ತು. ಮೊದಲು ಕೂಗಿದವರು ವಾಪಸ್ ಕೊಟ್ಟು, ಮತ್ತೆ ಕೂಗಿಸಿದ್ದರು. ನಾನು ಎರಡೂ ಸಲ ಬರೆದಿದ್ದೆ. ಅಷ್ಟೇ ವಿಷಯ. ಆಮೇಲೆ ಗೊತ್ತಾಯಿತು, ಯಾರೂ ಕ್ಷಮೆ ಕೇಳಲಿಲ್ಲ. ಒಂದು ಕುಂಬಳಕಾಯಿಗೆ ಎರಡು ವರ್ಷ.

ಮೊದಲ ಸಭೆ ಬಹಳ ಚೆನ್ನಾಗಿತ್ತು ಅಂತ ನಾವು ಅಂದುಕೊಳ್ಳುತ್ತೇವೆ. ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯದಲ್ಲಿ ಎಲ್ಲರೂ ಹಂಚಿ ತಿನ್ನುತ್ತಿದ್ದರು, ಆರನೇ ಅಧ್ಯಾಯಕ್ಕೆ ಬರುವಾಗ ಜಗಳ ಶುರುವಾಗಿದೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ತಾರತಮ್ಯ ಆಗುತ್ತಿದೆ ಅಂತ ದೂರು. ಅಂದರೆ ಭಾಷೆ ಮತ್ತು ಊಟದ ಜಗಳ, ಥೇಟ್ ನಮ್ಮದೇ. ಅವರು ದೂರು ಕೊಟ್ಟವರನ್ನು ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿ ಆ ಕೆಲಸ ಒಪ್ಪಿಸಿದರು, ಆ ಏಳೂ ಹೆಸರು ಗ್ರೀಕ್ ಹೆಸರುಗಳು. ದೂರು ಕೊಟ್ಟ ಕಡೆಯವರ ಕೈಗೇ ಸೌಟು ಕೊಟ್ಟ ಹಾಗೆ ಕಾಣುತ್ತದೆ ನನಗೆ. ನಮ್ಮ ಕಮಿಟಿಗಳು ಈ ಅಧ್ಯಾಯವನ್ನು ವರ್ಷಕ್ಕೊಂದು ಸಲ ಓದಿದರೆ ಒಳ್ಳೆಯದು.

ಮತ್ತಾಯ 18ರಲ್ಲಿ ಯೇಸು ಹೇಳಿದ ದಾರಿ ಸರಳ: ಮೊದಲು ನೀವಿಬ್ಬರೇ ಕೂತು ಮಾತಾಡಿ, ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಗೆ ತಿಳಿಸಿ. ನಾವು ಉಲ್ಟಾ ಮಾಡುತ್ತೇವೆ. ಮೊದಲು ಗ್ರೂಪಿಗೆ ಮೆಸೇಜು, ಕೊನೆಗೆ ಆ ಮನುಷ್ಯನಿಗೆ. ನಾನು ಚರ್ಚಿಗೆ ವಾಪಸ್ ಹೋದದ್ದು ನನ್ನ ಕಡೆ ಕೈ ತೋರಿಸಿದವರ ಮನೆಗೆ ಹೋಗಿ ಕಾಫಿ ಕುಡಿದ ಮೇಲೆ. ಅವರು ಆಗಲೂ ಕ್ಷಮೆ ಕೇಳಲಿಲ್ಲ, ಆದರೆ ಬರುವಾಗ ಅವರ ಹೆಂಡತಿ ಕೈಗೆ ಕರಿಬೇವು ಕೊಟ್ಟರು. ಅದನ್ನೇ ಕ್ಷಮೆ ಅಂದುಕೊಂಡೆ.

ಒಂದು ವಿಷಯಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಹೆಂಗಸರ ಮೇಲೆ, ಮಕ್ಕಳ ಮೇಲೆ ಕೈ ಹಾಕಿದವರು ಇದ್ದರೆ ಕಾಫಿ ಕುಡಿದು ರಾಜಿ ಮಾಡುವುದಲ್ಲ. ಪೊಲೀಸರ ಹತ್ತಿರ ಹೋಗಿ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾನೂನು 2012ರಿಂದ ಇದೆ, ಗೊತ್ತಿದ್ದೂ ತಿಳಿಸದೆ ಮುಚ್ಚಿಡುವುದು ಅಪರಾಧ. "ಸಭೆಯ ಮಾನ" ಅಂತ ಯಾರಾದರೂ ಅಂದರೆ ಅವರ ಮಾತು ಕೇಳಬೇಡಿ.

ದಶಮಾಂಶ ಕಡ್ಡಾಯನಾ? ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳಿದ್ರೆ ಪಾಪನಾ?

ಹತ್ತರಲ್ಲೊಂದು ಅನ್ನುವುದು ಹಳೆಯ ಒಡಂಬಡಿಕೆಯ ಲೆಕ್ಕ. ಹೊಸ ಒಡಂಬಡಿಕೆಯಲ್ಲಿ ಪೌಲ ಹೇಳುವುದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು, ಬಲವಂತ ಇಲ್ಲದೆ, ಸಂತೋಷದಿಂದ. ಕೆಲವು ಸಭೆಗಳು ಹತ್ತನೇ ಪಾಲನ್ನೇ ಕಲಿಸುತ್ತವೆ, ಶಿಸ್ತಿಗೆ ಅದು ಒಳ್ಳೆಯದೇ. ಮನೆ ಬಾಡಿಗೆ ಕಟ್ಟೋಕೆ ಸಾಲ ಮಾಡುವವರಿಂದ ಹತ್ತನೇ ಪಾಲು ವಸೂಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಲೆಕ್ಕ ಕೇಳುವುದು ಪಾಪ ಅಲ್ಲ. ಪೌಲನೇ ಯೆರೂಸಲೇಮಿನ ಬಡವರಿಗೆ ಕೂಡಿಸಿದ ದುಡ್ಡನ್ನು ತಾನೊಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡ (ಎರಡನೇ ಕೊರಿಂಥ, 8ನೇ ಅಧ್ಯಾಯ). ಲೆಕ್ಕದವಳಾಗಿ ಹೇಳುತ್ತೇನೆ: ರಸೀದಿ, ಇಬ್ಬರ ಸಹಿ, ವರ್ಷಕ್ಕೊಮ್ಮೆ ಆಡಿಟ್, ಅದನ್ನು ಎಲ್ಲರ ಮುಂದೆ ಓದುವುದು. ಇಷ್ಟಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಕುಂಬಳಕಾಯಿ ಬಿಟ್ಟು.

ನಂಗೆ ಹಾಡಕ್ಕೂ ಬರಲ್ಲ, ಪ್ರಾರ್ಥನೆ ಜೋರಾಗಿ ಮಾಡಕ್ಕೂ ಬರಲ್ಲ. ನನ್ನಿಂದ ಏನು ಉಪಯೋಗ?

ನಮ್ಮಲ್ಲಿ ಒಬ್ಬರು ಅಂಕಲ್ ಇದ್ದಾರೆ, ಆಟೋ ಓಡಿಸುತ್ತಾರೆ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಜೋರಾಗಿ ಪ್ರಾರ್ಥನೆ ಮಾಡಿಲ್ಲ. ಭಾನುವಾರ ಬೆಳಿಗ್ಗೆ ನಾಲ್ಕು ಅಜ್ಜಿಯರನ್ನು ನಾಲ್ಕು ಗಲ್ಲಿಯಿಂದ ಕರೆತರುತ್ತಾರೆ, ಮೀಟರ್ ಹಾಕುವುದಿಲ್ಲ. ಅವರಿಗೆ ಜ್ವರ ಬಂದ ಭಾನುವಾರ ಮುಂದಿನ ಸಾಲು ಖಾಲಿ ಇತ್ತು, ಆವತ್ತೇ ನಮಗೆಲ್ಲ ಗೊತ್ತಾದದ್ದು. ದೇಹದಲ್ಲಿ ಬಲಹೀನ ಅಂತ ಕಾಣುವ ಅಂಗಗಳೇ ಬೇಕೇ ಬೇಕಾದವು ಅಂತ ಪೌಲ ಬರೆದಿದ್ದಾನಲ್ಲ, ಅವನು ಈ ಅಂಕಲ್‌ನಂಥ ಯಾರನ್ನೋ ನೋಡಿರಬೇಕು.

ಎಲ್ಲರೂ ಕ್ರಿಸ್ತನಲ್ಲಿ ಒಂದೇ ಅಂತೀರಿ. ಮದುವೆ ವಿಷಯ ಬಂದಾಗ ಜಾತಿ ಯಾಕೆ ಕೇಳ್ತೀರಿ?

ನಾಚಿಕೆಯ ವಿಷಯ. ಸುತ್ತಿ ಬಳಸಿ ಹೇಳುವುದಿಲ್ಲ. ಭಾನುವಾರ ಒಂದೇ ರೊಟ್ಟಿ ಮುರಿದು, ಸೋಮವಾರ "ಅವರು ಮೊದಲು ಯಾವ ಪೈಕಿ?" ಅಂತ ಮೆಲ್ಲಗೆ ಕೇಳುವವರು ನಮ್ಮಲ್ಲಿ ಇದ್ದಾರೆ. ಕೆಲವು ಊರುಗಳಲ್ಲಿ ಸ್ಮಶಾನದಲ್ಲೂ ಬೇರೆ ಬೇರೆ ಜಾಗ.

ಗಲಾತ್ಯ ಪತ್ರದ 3:28 ಎಲ್ಲರಿಗೂ ಬಾಯಿಪಾಠ, ಯೆಹೂದ್ಯ ಗ್ರೀಕ ಅಂತಿಲ್ಲ, ಆಳು ಸ್ವತಂತ್ರ ಅಂತಿಲ್ಲ. ಅದಕ್ಕಿಂತ ಒಂದು ಪುಟ ಹಿಂದೆ ಹೋಗಿ. ಯೇಸುವಿನ ಶಿಷ್ಯ ಪೇತ್ರ ಅಂತಿಯೋಕ್ಯ ಅನ್ನುವ ಊರಿನಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಅಲ್ಲಿಯ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದ ತಕ್ಷಣ ಎದ್ದು ಬೇರೆ ಕೂತ. ಇದಕ್ಕೆ ಕನ್ನಡದಲ್ಲಿ ಒಂದು ಪದ ಇದೆ, ಪಂಕ್ತಿಭೇದ. ಪೌಲ ಎಲ್ಲರ ಮುಂದೆ ಮುಖಕ್ಕೆ ಮುಖ ಕೊಟ್ಟು ಬೈದ, ನೀನು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಅಂತ. ಅಂದರೆ ಯಾರ ಪಕ್ಕ ಕೂತು ಉಣ್ಣುತ್ತೀರಿ ಅನ್ನುವುದು ಅವನಿಗೆ ಸಾಮಾಜಿಕ ಸುಧಾರಣೆಯ ಪ್ರಶ್ನೆ ಆಗಿರಲಿಲ್ಲ, ಸುವಾರ್ತೆಯ ಪ್ರಶ್ನೆಯೇ ಆಗಿತ್ತು. ದಲಿತ ಕ್ರೈಸ್ತರಿಗೆ 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸವಲತ್ತೂ ಇಲ್ಲ. ಹೊರಗೆ ನೀವು ಕ್ರೈಸ್ತರು, ನಿಮಗೆ ಜಾತಿ ಇಲ್ಲ ಅನ್ನುತ್ತಾರೆ, ಒಳಗೆ ನಾವು ಜಾತಿ ಕೇಳುತ್ತೇವೆ.

ನಮ್ಮ ಏರಿಯಾದಲ್ಲೂ ಒಂದು ಕೂಟ ಶುರು ಮಾಡ್ಬೇಕು ಅಂತಿದೀವಿ. ಏನೇನು ಬೇಕು?

ಒಂದು ಚಾಪೆ, ಒಂದು ಬೈಬಲ್, ಮುಗಿಸುವ ಹೊತ್ತು. ಮೂರನೆಯದೇ ಮುಖ್ಯ. ಏಳೂವರೆಗೆ ಅಂದರೆ ಏಳೂವರೆಗೆ ಮುಗಿಯಬೇಕು, ಬೆಳಿಗ್ಗೆ ಐದಕ್ಕೆ ಕಂಪನಿ ಕ್ಯಾಬ್ ಬರುವವರು ಇರುತ್ತಾರೆ. ಮೈಕ್ ಬೇಡ. ಪಕ್ಕದ ಮನೆಯವರಿಗೆ ಮೊದಲೇ ಹೋಗಿ ಹೇಳಿ, ಅವರ ಮನೆಯಲ್ಲಿ ಪರೀಕ್ಷೆ ಬರೆಯುವ ಮಗು ಇದ್ದರೆ ಆ ವಾರ ಬೇರೆ ಮನೆಯಲ್ಲಿ ಮಾಡಿ. ತಿಂಡಿ ಸರಳ ಇರಲಿ. ಒಬ್ಬರು ಕೇಸರಿಬಾತ್ ಮಾಡಿದರೆ ಮುಂದಿನವರು ಪಲಾವ್ ಮಾಡಬೇಕಾಗುತ್ತದೆ, ಕೊನೆಗೆ ಬಡವರ ಮನೆ ಸರದಿ ಬಂದಾಗ ಅವರು ಬರುವುದನ್ನೇ ಬಿಡುತ್ತಾರೆ. ನಮ್ಮಲ್ಲಿ ಹಾಗಾಗಿತ್ತು. ಈಗ ಕಾಫಿ, ಬಿಸ್ಕತ್ತು, ಅಷ್ಟೇ.

ದೇವರ ದೊಡ್ಡ ಉದ್ದೇಶದ ಬಗ್ಗೆ

ನನ್ನ ಜೀವನಕ್ಕೆ ದೇವರ ಪ್ಲಾನ್ ಏನು ಅಂತ ಹೇಗೆ ಗೊತ್ತಾಗತ್ತೆ? ಆಫೀಸಿಂದ ಫಾರಿನ್‌ಗೆ ಆನ್‌ಸೈಟ್ ಬಂದಿದೆ, ಹೋಗ್ಲಾ ಬೇಡ್ವಾ?

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ಕೊಡುತ್ತಾರಲ್ಲ, ಅದರಲ್ಲಿ ಎಷ್ಟೋ ಜನಕ್ಕೆ ಯೆರೆಮೀಯ 29:11 ಬಂದಿರುತ್ತದೆ. ನಿಮಗೆ ಒಳ್ಳೆಯದಾಗಲಿ ಅನ್ನುವ ಆಲೋಚನೆ ನನ್ನದು, ಕೇಡಲ್ಲ ಅಂತ ದೇವರು ಹೇಳುವ ಮಾತು. ಮನೆಯ ಫ್ರಿಜ್ಜಿನ ಮೇಲೆ ಅಂಟಿಸುತ್ತೇವೆ. ಈಗ ಕಾರ್ಡಿನ ಹಿಂದಿರುವ ಕತೆ ನೋಡಿ. ಅದು ಬಾಬೆಲಿಗೆ ಸೆರೆಹೋದ ಜನರಿಗೆ ಬರೆದ ಕಾಗದ. ಅಲ್ಲಿಯ "ನಿಮಗೆ" ಮತ್ತೆ ಬಹುವಚನವೇ. ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ "ಎರಡೇ ವರ್ಷ, ವಾಪಸ್ ಬರುತ್ತೀರಿ" ಅಂದಿದ್ದ. ಜನಕ್ಕೆ ಅದೇ ಇಷ್ಟವಾಗಿರಬೇಕು. ಯೆರೆಮೀಯ ಎಪ್ಪತ್ತು ವರ್ಷ ಅಂದ. ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಅದನ್ನು ನೋಡಲು ಬದುಕಿರುವುದಿಲ್ಲ. ಹಾಗಾದರೆ ಅಲ್ಲಿ ಏನು ಮಾಡಬೇಕು? ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯಾಗಿ ತಂದಿಟ್ಟ ಆ ಊರಿನ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ಈ ಏಳನೇ ವಚನವನ್ನು ಫ್ರಿಜ್ಜಿಗೆ ಅಂಟಿಸಿದವರನ್ನು ನಾನು ಇನ್ನೂ ನೋಡಿಲ್ಲ.

ದೇವರ ಉದ್ದೇಶ ಅಂದರೆ ಜಾತಕದ ಥರ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಅಂತ ನಾವು ಅಂದುಕೊಂಡಿದ್ದೇವೆ. ಬೈಬಲಿನಲ್ಲಿ ಅದು ಒಂದೇ ದೊಡ್ಡ ಕತೆ. ಅಬ್ರಹಾಮನ ಮೂಲಕ ಭೂಮಿಯ ಎಲ್ಲಾ ಕುಲಗಳಿಗೂ ಆಶೀರ್ವಾದ ಅಂತ ಶುರುವಾಗಿ, ಪರಲೋಕದ್ದು ಭೂಲೋಕದ್ದು ಎಲ್ಲವನ್ನೂ ಕ್ರಿಸ್ತನಲ್ಲಿ ಒಂದುಗೂಡಿಸುವುದರ ತನಕ (ಎಫೆಸ 1:10) ಹೋಗುತ್ತದೆ. "ನನ್ನ ಜೀವನದಲ್ಲಿ ದೇವರ ಪಾತ್ರ ಏನು" ಅಂತ ಕೇಳುವುದು ಬಿಟ್ಟು ಆ ಕತೆಯಲ್ಲಿ ನಮ್ಮ ಬೀದಿಯ ಪಾತ್ರ ಏನು ಅಂತ ಕೇಳಿದರೆ ಕೆಲವು ಉತ್ತರಗಳು ತಟ್ಟನೆ ಸಿಗುತ್ತವೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕೇಳಿದಷ್ಟು ಕೊಡಬೇಕಾಗಿ ಬಂದಾಗ, ನಮ್ಮ ಕೂಟದಲ್ಲಿ ಕಾವೇರಿ ಸಂಪರ್ಕ ಇದ್ದ ಮನೆ ಎರಡು. ಆ ಎರಡು ಮನೆಯವರು ನೀರು ಬರುವ ದಿನ ಗೇಟು ತೆರೆದಿಟ್ಟರು, ಬೀದಿಯವರು ಬಿಂದಿಗೆ ತಂದರು. ಅದಕ್ಕೆ ಯಾರೂ ದರ್ಶನ ಕಾಯಲಿಲ್ಲ.

ಆನ್‌ಸೈಟ್ ವಿಷಯ: ಹೋಗಬಹುದು, ಬಿಡಬಹುದು. ಅಪ್ಪ ಅಮ್ಮನನ್ನು ಯಾರು ನೋಡುತ್ತಾರೆ, ಸಾಲ ಎಷ್ಟಿದೆ, ಅಲ್ಲಿ ನಿಮಗೆ ಸಭೆ ಇದೆಯಾ, ಇದನ್ನೆಲ್ಲ ನಿಮ್ಮನ್ನು ಬಲ್ಲ ನಾಲ್ಕು ಜನರ ಜೊತೆ ಕೂತು ಮಾತಾಡಿ ನಿರ್ಧರಿಸಿ. ದೇವರು ಎರಡೂ ಕಡೆ ಇದ್ದಾರೆ.

ನಾನು ಪೂರ್ಣಾವಧಿ ಸೇವಕ ಅಲ್ಲ. ಆಫೀಸ್ ಕೆಲಸ ಮಾಡ್ಕೊಂಡು ದೇವರ ಕೆಲಸ ಹೇಗೆ?

ಪೌಲನೂ ಗುಡಾರ ಹೊಲಿಯುತ್ತಿದ್ದ, ಅಕ್ವಿಲ ಪ್ರಿಸ್ಕಿಲ್ಲ ದಂಪತಿಗಳ ಜೊತೆ. ಆಫೀಸಿನಲ್ಲಿ ಪಕ್ಕದ ಸೀಟಿನವರಿಗೆ ವಚನ ಫಾರ್ವರ್ಡ್ ಮಾಡುವುದೇ ದೇವರ ಕೆಲಸ ಅಂದುಕೊಳ್ಳಬೇಡಿ. ಹೊಲಿಗೆ ಗಟ್ಟಿ ಇರಬೇಕು, ಅದು ಮೊದಲು. ಹೌಸ್‌ಕೀಪಿಂಗ್ ಹೆಂಗಸರ ಪಿಎಫ್ ಕಟ್ಟಿದ್ದಾರಾ ಅಂತ ಕೇಳುವುದೂ ಅದೇ ಕೆಲಸ.

ನಾನಿದ್ದ ಒಂದು ಕಡೆ ಹಿಂದಿನ ತಾರೀಖು ಹಾಕಿ ಬಿಲ್ಲು ಮಾಡು ಅಂದರು. ಆಗಲ್ಲ ಅಂದೆ. ಒಂದು ತಿಂಗಳಲ್ಲಿ ನನಗೆ ಅಲ್ಲಿ ಕೆಲಸ ಇರಲಿಲ್ಲ. ಧೈರ್ಯವಂತೆ ಅಂತ ಯಾರಾದರೂ ಹೊಗಳಿದರೆ ನನಗೆ ಮುಜುಗರ. ಯಾಕೆಂದರೆ "ಆಗಲ್ಲ" ಅನ್ನುವ ಹಿಂದಿನ ಶುಕ್ರವಾರ ನಾನು ಕೂಟದಲ್ಲಿ ಇದನ್ನು ಹೇಳಿದ್ದೆ, ಅತ್ತಿದ್ದೆ. ಕೆಲಸ ಹೋದ ವಾರ ಆಟೋ ಅಂಕಲ್ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಬಾಗಿಲ ಹತ್ತಿರ ಇಳಿಸಿ, ಏನೂ ಹೇಳದೆ ಹೋದರು. ನಾಲ್ಕು ತಿಂಗಳು ಹೀಗೇ ನಡೆಯಿತು. ಒಬ್ಬಳೇ ಆಗಿದ್ದರೆ ನಾನು ಆ ಬಿಲ್ಲಿಗೆ ಸಹಿ ಹಾಕಿರುತ್ತಿದ್ದೆ, ಖಂಡಿತ.

ನೀವು ಸೇವೆ ಅಂತೀರಿ, ನಮ್ಮ ಪಕ್ಕದ ಮನೆಯವರು ಮತಾಂತರ ಅಂತಾರೆ. ಏನು ಹೇಳ್ಲಿ?

ಮೊದಲು ಅವರ ಅನುಮಾನವನ್ನು ಕೇಳಿಸಿಕೊಳ್ಳಿ. ಅಕ್ಕಿ ಕೊಟ್ಟು ಹೆಸರು ಬದಲಿಸಿದ ಕತೆ ಅವರಿಗೆ ಯಾರೋ ಹೇಳಿರುತ್ತಾರೆ, ಎಲ್ಲೋ ಆಗಿರಲೂಬಹುದು. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಕಾನೂನಿನ ಮಾತು ಅದು. ನಮ್ಮ ಮಾತು ಇದು: ಯೇಸು ಹೇಳಿದ ಕತೆಯಲ್ಲಿ ಸಮಾರ್ಯ ಅನ್ನುವ ಬೇರೆ ಸೀಮೆಯವನು ದಾರಿಯಲ್ಲಿ ಸಿಕ್ಕ ಗಾಯಗೊಂಡವನನ್ನು ಕತ್ತೆ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ, ಎರಡು ನಾಣ್ಯ ಕೊಟ್ಟ, ಹೊರಟ. ಅವನ ಧರ್ಮ ಕೇಳಲಿಲ್ಲ, ತನ್ನದನ್ನು ಹೇಳಲೂ ಇಲ್ಲ. ಸಹಾಯದ ಒಳಗೆ ಗಾಳ ಇದ್ದರೆ ಅದು ಸಹಾಯ ಅಲ್ಲ. ಯಾಕೆ ಮಾಡ್ತೀರಿ ಅಂತ ಅವರಾಗಿ ಕೇಳಿದರೆ ಯೇಸುವಿನ ಹೆಸರು ಹೇಳುವುದಕ್ಕೆ ಹೆದರಬೇಕಾಗಿಲ್ಲ. ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಗುಡ್ ಶೆಫರ್ಡ್ ಸಿಸ್ಟರ್‌ಗಳು 1886ರಲ್ಲಿ ಶುರು ಮಾಡಿದರು. ಈ ಊರಿನ ಎಷ್ಟು ಹಿಂದೂ, ಮುಸ್ಲಿಂ ಮನೆಗಳ ಮಕ್ಕಳು ಅಲ್ಲಿ ಹುಟ್ಟಿದ್ದಾರೆ, ನಿಮ್ಮ ಪಕ್ಕದ ಮನೆಯಲ್ಲೂ ಒಬ್ಬರಿರಬಹುದು, ಕೇಳಿ ನೋಡಿ.

ನಲವತ್ತು ದಿನ ಉಪವಾಸ ಪ್ರಾರ್ಥನೆ ಮಾಡಿದ್ವಿ. ತಂಗಿ ಉಳೀಲಿಲ್ಲ. ಇದೂ ದೇವರ ಉದ್ದೇಶನಾ?

ಇದನ್ನು ಕೇಳಿದವರಿಗೆ ನಾನು ಆವತ್ತು ಉತ್ತರ ಕೊಡಲಿಲ್ಲ. ಇಲ್ಲೂ ಪೂರ್ತಿ ಕೊಡಲಾರೆ. ಬೈಬಲಿನಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡಿದ್ದ ಯೋಬನನ್ನು ನೋಡಲು ಗೆಳೆಯರು ಬಂದಾಗ ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಬಾಯಿ ತೆರೆದ ಮೇಲೇ ಅವರು ತಪ್ಪಿದ್ದು. ತೀರಿಕೊಂಡಿದ್ದ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅವನ ಸಮಾಧಿಯ ದಾರಿಯಲ್ಲಿ ಅತ್ತರು. ಎಲ್ಲವೂ ಒಳ್ಳೆಯದಕ್ಕೇ ಅನ್ನುವ ರೋಮಾ 8:28ನ್ನು ಸಾವಿನ ಮನೆಯಲ್ಲಿ ಹೇಳುವವರು ಅದೇ ಅಧ್ಯಾಯದಲ್ಲಿ ಅದಕ್ಕೂ ಮೊದಲು ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತಿದೆ ಅಂತ ಇರುವುದನ್ನು ಬಿಟ್ಟುಬಿಡುತ್ತಾರೆ. ತಂಗಿಯ ಸಾವನ್ನು ದೇವರು ಬಯಸಿದರು ಅಂತ ನಾನು ಹೇಳಲಾರೆ. ಮರಣ ಶತ್ರು ಅಂತಲೇ ಪೌಲ ಕರೆಯುತ್ತಾನೆ. ನಿಮ್ಮ ಮನೆಗೆ ನಾವು ಇನ್ನೂ ಬರುತ್ತೇವೆ. ವಚನ ಓದಬೇಡಿ ಅಂದರೆ ಓದುವುದಿಲ್ಲ.

ಕೊನೆಗೆ ಎಲ್ಲರೂ ಪರಲೋಕಕ್ಕೆ ಹೋಗೋದು ತಾನೇ? ಮತ್ತೆ ಈ ಊರಿನ ತಲೆಬಿಸಿ ಯಾಕೆ ನಮಗೆ?

ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 21ನೇ ಅಧ್ಯಾಯ ಓದಿ. ಅಲ್ಲಿ ನಾವು ಮೇಲೆ ಹೋಗುವುದಿಲ್ಲ, ಪಟ್ಟಣವೇ ಕೆಳಗೆ ಇಳಿದು ಬರುತ್ತದೆ. ಅದರ ಬಾಗಿಲು ಮುಚ್ಚುವುದೇ ಇಲ್ಲ. ಬೈಬಲಿನ ಕೊನೆಯಲ್ಲಿ ತೋಟ ಮಾತ್ರ ಇಲ್ಲ, ಊರೂ ಇದೆ ಅನ್ನುವುದು ಬೆಂಗಳೂರಿನವರಿಗೆ ಸಮಾಧಾನದ ಸುದ್ದಿ ಅಲ್ವಾ? ಯೆಶಾಯ 65ರಲ್ಲಿ ಹೊಸ ಭೂಮಿಯ ಚಿತ್ರ ಇನ್ನೂ ಹತ್ತಿರದಿಂದ ಸಿಗುತ್ತದೆ. ತಾವು ಕಟ್ಟಿದ ಮನೆಯಲ್ಲಿ ತಾವೇ ವಾಸಮಾಡುವರು. ಒಬ್ಬ ಕಟ್ಟಿ ಇನ್ನೊಬ್ಬ ವಾಸಮಾಡುವುದು ಇರುವುದಿಲ್ಲ.

ಹೆಣ್ಣೂರು ರಸ್ತೆಯಲ್ಲಿ ನಿಂತು ಈ ವಚನ ಓದಿ ನೋಡಿ. ಹೋದ ತಿಂಗಳ ತನಕ ಅಲ್ಲಿ ಹದಿನಾಲ್ಕು ಮಹಡಿ ಏಳುತ್ತಿತ್ತು, ಅದರ ಬುಡದಲ್ಲಿ ತಗಡಿನ ಶೆಡ್ಡು, ಮೇಲೆ ನೀಲಿ ಟಾರ್ಪಾಲು. ರಾಯಚೂರು, ಯಾದಗಿರಿ ಕಡೆಯವರು. ಕಟ್ಟುವವರು ಅವರು, ಗೃಹಪ್ರವೇಶಕ್ಕೆ ಬರುವವರು ನಾವು. ನಮ್ಮ ಕೂಟದ ನಾಲ್ಕು ಜನ ಅಲ್ಲಿಯ ಮಕ್ಕಳಿಗೆ ಶನಿವಾರ ಲೆಕ್ಕ, ಕನ್ನಡ ಹೇಳಿಕೊಡುತ್ತಿದ್ದೆವು. ದೊಡ್ಡ ಕೆಲಸವೇನಲ್ಲ, ಒಂದೂವರೆ ಗಂಟೆ, ಬಾಳೆಹಣ್ಣು. ಒಬ್ಬಳು ಹುಡುಗಿ ಗುಣಾಕಾರ ಕಲಿತ ದಿನ ಒಂದು ಮಹಡಿಗೆ ಆರು ಮನೆಯಾದರೆ ಹದಿನಾಲ್ಕಕ್ಕೆ ಎಷ್ಟು ಅಂತ ತಾನೇ ಲೆಕ್ಕ ಮಾಡಿದಳು. ಎಂಬತ್ತನಾಲ್ಕು. "ಇಷ್ಟೊಂದಾ!" ಅಂದಳು.

ಹೋದ ತಿಂಗಳು ಕಟ್ಟಡ ಮುಗಿಯಿತು, ಶೆಡ್ಡು ಕಿತ್ತರು. ಅವಳ ನೋಟ್‌ಬುಕ್ ನಮ್ಮ ಮನೆಯಲ್ಲೇ ಉಳಿದಿದೆ. ಅವರಪ್ಪನ ನಂಬರಿಗೆ ಮಾಡಿದರೆ ಸ್ವಿಚ್ ಆಫ್ ಬರುತ್ತಿದೆ. ಸರ್ಜಾಪುರದ ಕಡೆ ಹೊಸ ಸೈಟಿಗೆ ಹೋಗಿರಬೇಕು ಅಂತ ಮೇಸ್ತ್ರಿ ಹೇಳಿದರು. ಈ ಶನಿವಾರ ಆಟೋ ಅಂಕಲ್ ಜೊತೆ ಹೋಗಿ ಹುಡುಕಬೇಕು.